42ನೇ ಉದ್ಧಾರಕ

ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಬೇಕಂತೆ.

ಯಾವಾಗ ಬೇಡವಾಗಿತ್ತು? 1999ರಲ್ಲಿ ಈ ತಂಡ ಎರಡನೇ ಸಲ ಹುಟ್ಟಿತು. ಅಂದಿನಿಂದ 2025ರ ನವೆಂಬರ್‌ವರೆಗೆ ಪಂದ್ಯ ಶುರು ಮಾಡಿದ ಕ್ವಾರ್ಟರ್‌ಬ್ಯಾಕ್‌ಗಳು 42 ಮಂದಿ. ಇದೇ ಅವಧಿಯಲ್ಲಿ ಅಮೆರಿಕ ಐವರು ಅಧ್ಯಕ್ಷರನ್ನು ಕಂಡಿತು. ಅದರಲ್ಲೊಬ್ಬರು ಹೋಗಿ ಮತ್ತೆ ಬಂದರು. ದೇಶ ನಡೆಸಲು ಐವರು ಸಾಕಾದರು. ಚೆಂಡು ಎಸೆಯಲು 42 ಜನ ಸಾಲಲಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಈ ಫುಟ್‌ಬಾಲಿನಲ್ಲಿ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಒಂದು ಕಡೆ ಹನ್ನೊಂದು ಜನ. ಚೆಂಡು ಹೆಚ್ಚುಕಮ್ಮಿ ಪ್ರತಿ ಸಲವೂ ಮೊದಲು ಒಬ್ಬನ ಕೈಗೇ ಬರುತ್ತದೆ. ಎಸೆಯಬೇಕೋ, ಪಕ್ಕದವನಿಗೆ ಕೊಡಬೇಕೋ, ತಾನೇ ಓಡಬೇಕೋ ಎಂದು ಅವನು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಅಷ್ಟರಲ್ಲಿ ನೂರಿಪ್ಪತ್ತು ನೂರಮೂವತ್ತು ಕಿಲೋ ತೂಕದ ನಾಲ್ಕು ಜನ ಮೈಮೇಲೆ ಬೀಳಲು ನುಗ್ಗುತ್ತಿರುತ್ತಾರೆ. ಅವನೇ ಕ್ವಾರ್ಟರ್‌ಬ್ಯಾಕ್. ಗೆದ್ದರೆ ಗೆಲ್ಲಿಸಿದವನು ಅವನು. ಸೋತರೆ ಸೋಲಿಸಿದವನೂ ಅವನೇ. ಉಳಿದ ಹತ್ತು ಜನ ಏನು ಮಾಡುತ್ತಿದ್ದರು ಎಂದು ಕೇಳುವವರು ಕಡಿಮೆ. ಅವನನ್ನು ಕರೆತಂದವರು ಯಾರು ಎಂದು ಕೇಳುವವರು ಇಲ್ಲವೇ ಇಲ್ಲ.

ಹಾಗಾಗಿ ವರ್ಷವಿಡೀ ಒಂದೇ ಚರ್ಚೆ. ಯಾರನ್ನು ಆರಿಸಬೇಕು? ರೇಡಿಯೋದಲ್ಲಿ ಚರ್ಚೆ. ಕ್ಷೌರದಂಗಡಿಯಲ್ಲಿ ಚರ್ಚೆ. ಹಲ್ಲು ಕೀಳುವ ಡಾಕ್ಟರೂ ಬಾಯಿಗೆ ಇಕ್ಕಳ ಹಾಕಿಯೇ ಅಭಿಪ್ರಾಯ ಕೇಳುತ್ತಾರೆ. ಪಂದ್ಯವಿಲ್ಲದ ಜುಲೈ ತಿಂಗಳಲ್ಲೂ ಬಿಡುವಿಲ್ಲ. ಆಗಲೇ ಜೋರು. ಆಡದಿದ್ದಾಗ ಸೋಲುವ ಭಯವಿರುವುದಿಲ್ಲ ನೋಡಿ.

ಕ್ಲೀವ್‌ಲ್ಯಾಂಡ್ ಇರುವ ಓಹಿಯೋ ರಾಜ್ಯದ ಕನ್ನಡಿಗರೂ ಹಿಂದೆ ಬಿದ್ದಿಲ್ಲ. ಯುಗಾದಿ ಊಟದಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಿಂತವರು "ಅಲ್ಲಾ ಸಾರ್, ಆ ಫ್ಲಾಕೋನ ಬಿಟ್ಟಿದ್ದೇ ತಪ್ಪು" ಎನ್ನುತ್ತಾರೆ. ಫ್ಲಾಕೋ ಕಥೆ ಮುಂದೆ ಬರುತ್ತದೆ. ಹೇಳುವವರು ದಾವಣಗೆರೆಯವರು. ಇಲ್ಲಿಗೆ ಬಂದಾಗ ಚೆಂಡು ಯಾಕೆ ಉದ್ದಕ್ಕಿದೆ ಎಂದು ಕೇಳಿದ್ದ ಮನುಷ್ಯ. ಈಗ ತಜ್ಞರು. ಯಾಕಾಗಬಾರದು? ಸಂಬಳ ಪಡೆಯುವ ತಜ್ಞರಿಗಿಂತ ಅವರ ಊಹೆ ಕೆಟ್ಟದ್ದೇನಲ್ಲ.

ಈ ಚರ್ಚೆಗೆ ಒಂದು ನಿಯಮವಿದೆ. ಆಡುತ್ತಿರುವವನು ಯಾವಾಗಲೂ ಅಯೋಗ್ಯ. ಬೆಂಚಿನ ಮೇಲೆ ಕೂತವನು ಯಾವಾಗಲೂ ಪ್ರತಿಭಾವಂತ. ಅವನನ್ನು ಕಣಕ್ಕಿಳಿಸಿ, ಮೂರನೇ ವಾರಕ್ಕೆ ಅವನೂ ಅಯೋಗ್ಯ. ಅಷ್ಟರಲ್ಲಿ ಬೆಂಚಿಗೆ ಹೊಸಬ ಬಂದಿರುತ್ತಾನೆ. ಭರವಸೆ ಮತ್ತೆ ಚಿಗುರುತ್ತದೆ. ಜೆರ್ಸಿ ಮತ್ತೆ ಮಾರಾಟವಾಗುತ್ತದೆ.

ಜೆರ್ಸಿ ಅಂದೆನಲ್ಲ. ಟಿಮ್ ಕೌಚ್ ಎಂದು ಬರೆದ ಒಂದು ಹಳೆಯ ಜೆರ್ಸಿ ಕ್ಲೀವ್‌ಲ್ಯಾಂಡಿನ ಒಂದು ಕಿಟಕಿಯಲ್ಲಿ ವರ್ಷಗಟ್ಟಲೆ ನೇತಾಡುತ್ತಿತ್ತು. ಕೌಚ್ ಹೆಸರಿಗೆ ಗೀಟು. ಅದರ ಕೆಳಗೆ ಮುಂದಿನವನ ಹೆಸರು. ಅದಕ್ಕೂ ಗೀಟು. ಹೀಗೇ ಕೆಳಕ್ಕೆ ಇಳಿಯುತ್ತಾ ಹೋಯಿತು. ಕೊನೆಗೆ ಬರೆಯಲು ಜಾಗವೇ ಸಾಲದಾಯಿತು. ಆ ಊರಿನ ಇತಿಹಾಸವನ್ನು ಅದಕ್ಕಿಂತ ಪ್ರಾಮಾಣಿಕವಾಗಿ ಬರೆದವರನ್ನು ನಾನು ಕಾಣೆ.

ಕೌಚ್ 1999ರ ಡ್ರಾಫ್ಟಿನ ಮೊದಲ ಆಯ್ಕೆ. ಕಾಲೇಜಿನಿಂದ ಬರುವ ಆಟಗಾರರನ್ನು ತಂಡಗಳು ಸರದಿಯಂತೆ ಹಂಚಿಕೊಳ್ಳುವ ವ್ಯವಸ್ಥೆಗೆ ಡ್ರಾಫ್ಟ್ ಎನ್ನುತ್ತಾರೆ. ಸಾಮಾನ್ಯವಾಗಿ ಹಿಂದಿನ ವರ್ಷ ಯಾರು ಹೀನಾಯವಾಗಿ ಸೋತರೋ ಅವರಿಗೆ ಮೊದಲ ಸರದಿ. ಸೋಲಿಗೆ ಇನಾಮು. ಕೌಚ್ ಬಂದಾಗ ತಂಡದಲ್ಲಿ ಅವನನ್ನು ಕಾಯುವವರೇ ಇರಲಿಲ್ಲ. ಹುಡುಗ ಬಿದ್ದ, ಎದ್ದ, ಮತ್ತೆ ಬಿದ್ದ. ಐದು ವರ್ಷ ಒದೆ ತಿಂದು ಹೋದ. ಆಮೇಲೆ ಎಲ್ಲರೂ ಅಂದರು, "ಅವನಲ್ಲಿ ದಮ್ಮಿರಲಿಲ್ಲ."

2000ದಲ್ಲಿ ಬ್ರೌನ್ಸ್ 183ನೇ ಆಯ್ಕೆಯಲ್ಲಿ ಸ್ಪರ್ಗನ್ ವಿನ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ತಂದಿತು. 199ನೇ ಆಯ್ಕೆಯಲ್ಲಿ ಬೇರೆ ತಂಡ ಇನ್ನೊಬ್ಬನನ್ನು ತಂದಿತು. ಅವನ ಹೆಸರು ಟಾಮ್ ಬ್ರೇಡಿ. ಏಳು ಸೂಪರ್ ಬೌಲ್, ಅಂದರೆ ಲೀಗಿನ ಅಂತಿಮ ಪಂದ್ಯ, ಗೆದ್ದ. ಇರಲಿ ಬಿಡಿ. ಬ್ರೇಡಿಯನ್ನು ಎಲ್ಲರೂ ಬಿಟ್ಟಿದ್ದರು, ಬ್ರೌನ್ಸ್ ಒಂದನ್ನೇ ಬೈದರೆ ಅನ್ಯಾಯ.

ಆದರೆ 22ನೇ ಆಯ್ಕೆಗೆ ಬೈಯಬಹುದು. 2007ರಲ್ಲಿ 22ನೇ ಆಯ್ಕೆಯಲ್ಲಿ ಬ್ರೇಡಿ ಕ್ವಿನ್. 2012ರಲ್ಲಿ 22ನೇ ಆಯ್ಕೆಯಲ್ಲಿ ಬ್ರ್ಯಾಂಡನ್ ವೀಡನ್. 2014ರಲ್ಲಿ 22ನೇ ಆಯ್ಕೆಯಲ್ಲಿ ಜಾನಿ ಮ್ಯಾಂಝೆಲ್. ಮೂರೂ ಸಲ ಅದೇ ಅಂಕಿ, ಅದೇ ತಂಡ, ಅದೇ ಗತಿ. ನಮ್ಮೂರಿನ ಜ್ಯೋತಿಷಿಗಳಾದರೂ ಎರಡನೇ ಸಲ ಆದಮೇಲೆ ಶಾಂತಿ ಮಾಡಿಸಿ ಎನ್ನುತ್ತಿದ್ದರು.

ವೀಡನ್‌ಗೆ ಆಗ 28 ವರ್ಷ. ಮೊದಲು ಬೇಸ್‌ಬಾಲ್ ಆಡಿ, ಅದು ಕೈ ಹತ್ತದೆ, ಕಾಲೇಜಿಗೆ ಬಂದಿದ್ದವನು. ಅಷ್ಟು ವಯಸ್ಸಾದವನನ್ನು ಡ್ರಾಫ್ಟಿನ ಮೊದಲ ಸುತ್ತಿನಲ್ಲಿ ಅದುವರೆಗೆ ಯಾರೂ ಆರಿಸಿರಲಿಲ್ಲ. ಮೊದಲ ಪಂದ್ಯದ ದಿನ ಮೈದಾನದ ತುಂಬ ಹರಡಿದ ಭಾರಿ ರಾಷ್ಟ್ರಧ್ವಜದ ಅಡಿಯಲ್ಲಿ ಸಿಕ್ಕಿಕೊಂಡ. ಹೇಗೋ ತೂರಿ ಹೊರಬಂದ. ಆಮೇಲೆ ನಾಲ್ಕು ಸಲ ಎದುರಾಳಿಯ ಕೈಗೇ ಚೆಂಡು ಎಸೆದ. ಅದೇ ಡ್ರಾಫ್ಟಿನ ಮೂರನೇ ಸುತ್ತಿನಲ್ಲಿ ಸಿಯಾಟಲ್ ತಂಡ ರಸೆಲ್ ವಿಲ್ಸನ್‌ನನ್ನು ಎತ್ತಿಕೊಂಡು ಹೋಯಿತು. ಅವನು ಕುಳ್ಳ ಎಂದು ಉಳಿದವರೆಲ್ಲ ಮೂಗು ಮುರಿದಿದ್ದರು. ಎರಡನೇ ವರ್ಷವೇ ಆ ಕುಳ್ಳ ಸೂಪರ್ ಬೌಲ್ ಗೆದ್ದ.

2014ರ ಕಥೆ ಇನ್ನೂ ರಸವತ್ತಾಗಿದೆ. ಅಷ್ಟು ಹೊತ್ತಿಗೆ ತಂಡ ಜಿಮ್ಮಿ ಹಾಸ್ಲಮ್ ಅವರ ಕೈಗೆ ಬಂದಿತ್ತು. 2012ರಲ್ಲಿ ಸುಮಾರು 100 ಕೋಟಿ ಡಾಲರ್ ಕೊಟ್ಟು ಕೊಂಡಿದ್ದರು. ಯಾವ ಕ್ವಾರ್ಟರ್‌ಬ್ಯಾಕ್ ಒಳ್ಳೆಯವನು ಎಂದು ತಿಳಿಯಲು ತಂಡ 1 ಲಕ್ಷ ಡಾಲರ್ ಖರ್ಚು ಮಾಡಿ ಅಧ್ಯಯನ ಮಾಡಿಸಿತ್ತು. ಟೆಡ್ಡಿ ಬ್ರಿಡ್ಜ್‌ವಾಟರ್ ಒಳ್ಳೆಯವನು ಎಂದು ಅದರಲ್ಲಿತ್ತು ಎಂದು ಇಎಸ್‌ಪಿಎನ್ ವರದಿ ಮಾಡಿತು. ಊಟಕ್ಕೆ ಹೋದಾಗ ಬೀದಿಯಲ್ಲಿ ಮಲಗುವ ಮನುಷ್ಯನೊಬ್ಬ ಮ್ಯಾಂಝೆಲ್‌ನನ್ನು ತನ್ನಿ ಎಂದು ಮಾಲೀಕರಿಗೆ ಹೇಳಿದ್ದೂ ಸುದ್ದಿಯಾಯಿತು.

ಬಂದದ್ದು ಮ್ಯಾಂಝೆಲ್. ಎಂಟು ಪಂದ್ಯ ಶುರು ಮಾಡಿದ. 2016ರ ಮಾರ್ಚಿನಲ್ಲಿ ಗೇಟಿನಾಚೆ.

ಆ 1 ಲಕ್ಷ ಡಾಲರನ್ನು ಬೀದಿಯಲ್ಲಿದ್ದ ಮನುಷ್ಯನಿಗೇ ಕೊಟ್ಟಿದ್ದರೆ ಅವನಿಗೊಂದು ಮನೆಯಾದರೂ ಆಗುತ್ತಿತ್ತು.

ಆಯ್ಕೆ ಸುಮ್ಮನೆ ಆಗುವುದಿಲ್ಲ, ಅದಕ್ಕೆ ಶಾಸ್ತ್ರವಿದೆ ಎನ್ನುತ್ತಾರೆ. ಪ್ರತಿವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಹುಡುಗರನ್ನು ಸೇರಿಸುತ್ತಾರೆ. ಎತ್ತರ ಅಳೆಯುತ್ತಾರೆ. ತೂಗುತ್ತಾರೆ. ನಲವತ್ತು ಗಜ ಓಡಿಸುತ್ತಾರೆ. ಅಂಗೈ ಅಗಲಿಸಿ ಹೆಬ್ಬೆರಳಿನಿಂದ ಕಿರುಬೆರಳಿಗೆ ಎಷ್ಟು ಇಂಚು ಎಂದು ಬರೆದುಕೊಳ್ಳುತ್ತಾರೆ. ನಮ್ಮ ದನದ ಜಾತ್ರೆಯಲ್ಲಿ ಹೋರಿಯ ಹಲ್ಲು ನೋಡುತ್ತಾರೆ, ಟವೆಲ್ ಅಡಿಯಲ್ಲಿ ಬೆರಳು ಹಿಡಿದು ರೇಟು ಮಾತಾಡುತ್ತಾರೆ. ವ್ಯತ್ಯಾಸ ಇಷ್ಟೇ. ಅಲ್ಲಿ ದಲ್ಲಾಳಿಗೆ ಹೋರಿಯ ಬಗ್ಗೆ ಏನಾದರೂ ಗೊತ್ತಿರುತ್ತದೆ.

2020ರಲ್ಲಿ ಜೋ ಬರೋ ಎಂಬವನ ಕೈ ಒಂಬತ್ತು ಇಂಚು, ಚಿಕ್ಕದಾಯಿತು ಎಂದು ಗುಸುಗುಸು ಎದ್ದಿತು. ಚೆಂಡು ಕೈಯಿಂದ ಜಾರುವುದಾದರೆ ನಿವೃತ್ತಿ ತೆಗೆದುಕೊಳ್ಳುತ್ತೇನೆ ಎಂದು ಅವನೇ ತಮಾಷೆ ಮಾಡಿದ. ಎರಡನೇ ವರ್ಷ ಸಿನ್ಸಿನಾಟಿ ತಂಡವನ್ನು ಸೂಪರ್ ಬೌಲ್‌ವರೆಗೆ ಕರೆದೊಯ್ದ. 2023ರಲ್ಲಿ ಸಿ.ಜೆ. ಸ್ಟ್ರೌಡ್ ಎಂಬವನು ಬುದ್ಧಿ ಅಳೆಯುವ ಒಂದು ಪರೀಕ್ಷೆಯಲ್ಲಿ ತೀರಾ ಕಡಿಮೆ ಅಂಕ ತೆಗೆದ ಎಂಬ ಸುದ್ದಿ ಹೇಗೋ ಸೋರಿತು. ಆ ಪರೀಕ್ಷೆ ನಂಬಿದವರು ತಲೆಯಾಡಿಸಿದರು. ವರ್ಷದ ಕೊನೆಗೆ ದಾಳಿ ವಿಭಾಗದ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ಅವನಿಗೇ. ಪರೀಕ್ಷೆ ಬರೆಸಿದವರ ಬುದ್ಧಿಯನ್ನು ಯಾರೂ ಅಳೆಯಲಿಲ್ಲ.

ತಜ್ಞರ ವಿಷಯಕ್ಕೆ ಬಂದರೆ ನನಗೆ 2018ರ ಡ್ರಾಫ್ಟ್ ಬಹಳ ಇಷ್ಟ. ಮೊದಲ ಸುತ್ತಿನಲ್ಲಿ ಐವರು ಕ್ವಾರ್ಟರ್‌ಬ್ಯಾಕ್‌ಗಳು. ಬ್ರೌನ್ಸ್ ಮೊದಲನೆಯವನಾಗಿ ಬೇಕರ್ ಮೇಫೀಲ್ಡ್‌ನನ್ನು ಆರಿಸಿತು. ಮೂರನೆಯದು ಸ್ಯಾಮ್ ಡಾರ್ನಲ್ಡ್. ಏಳನೆಯದು ಜಾಷ್ ಅಲೆನ್. ಹತ್ತನೆಯದು ಜಾಷ್ ರೋಸೆನ್. ಕೊನೆಯಲ್ಲಿ, 32ನೆಯವನಾಗಿ, ಲಮಾರ್ ಜಾಕ್ಸನ್.

ಜಾಕ್ಸನ್ ಕಪ್ಪು ಹುಡುಗ. ಕಾಲೇಜಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದಿದ್ದ. ಆದರೂ ಬಿಲ್ ಪೋಲಿಯನ್ ಎಂಬ ಹಿರಿಯ ತಜ್ಞರು, ಕೀರ್ತಿಶಾಲಿಗಳ ಪಟ್ಟಿಯಲ್ಲಿ ಹೆಸರಿರುವವರು, ಇವನು ಎಸೆಯುವುದು ಬಿಟ್ಟು ಹಿಡಿಯುವ ಜಾಗಕ್ಕೆ ಹೋಗಲಿ ಎಂದರು. ಇದು ಹಳೆಯ ರೋಗ. 1978ರಲ್ಲಿ ವಾರೆನ್ ಮೂನ್‌ನನ್ನು ಡ್ರಾಫ್ಟಿನಲ್ಲಿ ಒಂದೇ ಒಂದು ತಂಡವೂ ಕೇಳಲಿಲ್ಲ. ಕ್ವಾರ್ಟರ್‌ಬ್ಯಾಕ್ ಆಗಿಯೇ ಆಡುತ್ತೇನೆ ಎಂದು ಅವನು ಕೆನಡಾಕ್ಕೆ ಹೋದ. ಅಲ್ಲಿ ಸತತ ಐದು ವರ್ಷ ಕಪ್ ಗೆದ್ದ. ಆಮೇಲೆ ಇವರೇ ವಾಪಸ್ ಕರೆಸಿಕೊಂಡರು. ಕಪ್ಪು ಹುಡುಗನಿಗೆ ಕಾಲಿದೆ, ಬಿಳಿ ಹುಡುಗನಿಗೆ ತಲೆಯಿದೆ ಎಂದು ಬಾಯಿಬಿಟ್ಟು ಹೇಳುವಷ್ಟು ಧೈರ್ಯ ಈಗ ಯಾರಿಗೂ ಇಲ್ಲ. ಅದಕ್ಕೇ "ಸಹಜ ಓಟಗಾರ" ಎನ್ನುತ್ತಾರೆ.

ಸಹಜ ಓಟಗಾರ 2019ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನಾದ. ಒಂದು ಓಟೂ ಬೇರೆಯವರಿಗೆ ಹೋಗಲಿಲ್ಲ. 2023ರಲ್ಲಿ ಮತ್ತೆ ಆದ. ಅವನು ಆಡುವುದು ಬಾಲ್ಟಿಮೋರ್‌ಗೆ. ಆ ತಂಡ ಯಾವುದು ಗೊತ್ತೇ? ಮೂಲ ಬ್ರೌನ್ಸ್. 1995ರ ಹಂಗಾಮು ಮುಗಿದ ಮೇಲೆ ಆಗಿನ ಮಾಲೀಕ ಆರ್ಟ್ ಮೊಡೆಲ್ ಕ್ಲೀವ್‌ಲ್ಯಾಂಡಿನಿಂದ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ಹೊತ್ತೊಯ್ದರು. ಹೊಸ ಹೆಸರಿಟ್ಟರು. ಆ ತಂಡ ಎರಡು ಸೂಪರ್ ಬೌಲ್ ಗೆದ್ದಿದೆ. ಇಲ್ಲಿನ ತಂಡ ಇವತ್ತಿಗೂ ಆ ಪಂದ್ಯದ ಮೆಟ್ಟಿಲು ಹತ್ತಿಲ್ಲ.

ಇನ್ನೊಂದು ವರ್ಷ ಹಿಂದಕ್ಕೆ ಹೋಗೋಣ. 2017. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಆ ವರ್ಷ ಡ್ರಾಫ್ಟಿನಲ್ಲಿ ಪ್ಯಾಟ್ರಿಕ್ ಮಹೋಮ್ಸ್ ಇದ್ದ. ಬ್ರೌನ್ಸ್ ಬಳಿ ಮೊದಲನೆಯ ಸರದಿಯೂ ಇತ್ತು, 12ನೆಯದೂ ಇತ್ತು. ಮಹೋಮ್ಸ್ ಹತ್ತನೆಯವನಾಗಿ ಕ್ಯಾನ್ಸಾಸ್ ಸಿಟಿಗೆ ಹೋದ. 12ನೇ ಸರದಿಯನ್ನು ಬ್ರೌನ್ಸ್ ಹ್ಯೂಸ್ಟನ್ ತಂಡಕ್ಕೆ ಮಾರಿಕೊಂಡಿತು. ಹ್ಯೂಸ್ಟನ್ ಅದೇ ಸರದಿಯಲ್ಲಿ ದೆಶಾನ್ ವಾಟ್ಸನ್‌ನನ್ನು ಆರಿಸಿತು. ಈ ಹೆಸರು ನೆನಪಿಟ್ಟುಕೊಳ್ಳಿ.

ಬ್ರೌನ್ಸ್ ಎರಡನೇ ಸುತ್ತಿನಲ್ಲಿ ದೆಶೋನ್ ಕೈಜರ್‌ನನ್ನು ತಂದಿತು. ಆ ವರ್ಷ ಕೈಜರ್ ಎಸೆದ ಟಚ್‌ಡೌನ್, ಅಂದರೆ ಅಂಕ ತಂದ ಎಸೆತ, 11. ಎದುರಾಳಿಗೆ ದಾನ ಮಾಡಿದ್ದು 22. ತಂಡ 16 ಪಂದ್ಯ ಆಡಿತು. 16ನ್ನೂ ಸೋತಿತು. ಅಭಿಮಾನಿಗಳು ಜನವರಿಯ ಕೊರೆಯುವ ಚಳಿಯಲ್ಲಿ ಸ್ಟೇಡಿಯಂ ಸುತ್ತ ಸೊನ್ನೆಯಾಕಾರದ ಮೆರವಣಿಗೆ ಮಾಡಿದರು. ಕೋಚ್ ಹ್ಯೂ ಜಾಕ್ಸನ್ ಮತ್ತೆ ಹಿಂದಿನ ವರ್ಷದ ಹಾಗೆ ಸೋತರೆ ಸರೋವರಕ್ಕೆ ಹಾರುತ್ತೇನೆ ಎಂದಿದ್ದರು. 2018ರ ಜೂನ್‌ನಲ್ಲಿ ಈರಿ ಸರೋವರಕ್ಕೆ ಹಾರಿದರು. ಮಾತಿಗೆ ತಪ್ಪದ ಮನುಷ್ಯ. ಅಕ್ಟೋಬರಿನಲ್ಲಿ ಕೆಲಸ ಹೋಯಿತು. ಮಾಲೀಕರು ಹಾರಲಿಲ್ಲ.

ಅದೇ 2017ರಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕ್ ಮನೆಯಲ್ಲಿ ಸುಮ್ಮನೆ ಕೂತಿದ್ದ. ಕಾಲಿನ್ ಕೆಪರ್ನಿಕ್. ತಂಡವೊಂದನ್ನು ಸೂಪರ್ ಬೌಲ್‌ಗೆ ಮುಟ್ಟಿಸಿದ್ದವನು. ಹಿಂದಿನ ವರ್ಷ 16 ಟಚ್‌ಡೌನ್ ಎಸೆದು ಎದುರಾಳಿಗೆ ಕೊಟ್ಟಿದ್ದು ನಾಲ್ಕೇ ನಾಲ್ಕು. ಆದರೆ ಅವನು ರಾಷ್ಟ್ರಗೀತೆಯ ಹೊತ್ತಿಗೆ ಮಂಡಿಯೂರಿದ್ದ. ಕಪ್ಪು ಜನರ ಮೇಲೆ ಪೊಲೀಸರ ದೌರ್ಜನ್ಯಕ್ಕೆ ಪ್ರತಿಭಟನೆ ಎಂದ. ಕಲ್ಲೆಸೆಯಲಿಲ್ಲ, ಕೂಗಲಿಲ್ಲ. ಮಂಡಿಯೂರಿದ. ಅಷ್ಟೇ.

ಯಾವ ತಂಡಕ್ಕೂ ಅವನು ಬೇಡವಾದ. ತಂಡದ ಗಮನ ಬೇರೆಡೆ ಹೋಗುತ್ತದಂತೆ. ಸೊನ್ನೆಗೆ 16 ಸೋಲುವ ತಂಡದ ಗಮನ ಎಲ್ಲಿತ್ತು ಸ್ವಾಮಿ, ಬೇರೆಡೆ ಹೋಗಲು? ಅಭಿಮಾನಿಗಳಿಗೆ ನೋವಾಗುತ್ತದಂತೆ. ವೀಡನ್ ಧ್ವಜದ ಕೆಳಗೆ ತೂರಿದಾಗ ನಕ್ಕಿದ್ದರಲ್ಲ, ಅದೇ ಅಭಿಮಾನಿಗಳು. ಕೆಪರ್ನಿಕ್ ದೂರು ಕೊಟ್ಟ. ಲೀಗು 2019ರಲ್ಲಿ ರಾಜಿ ಮಾಡಿಕೊಂಡಿತು. ಆದರೂ ಅವನು ಮತ್ತೆ ಎಂದೂ ಲೀಗಿನ ಪಂದ್ಯವಾಡಲಿಲ್ಲ.

ಈಗ ಆ ನೆನಪಿಟ್ಟುಕೊಂಡ ಹೆಸರಿಗೆ ಬನ್ನಿ.

2022ರ ಮಾರ್ಚ್. ಮೇಫೀಲ್ಡ್ ಆಗ ಬ್ರೌನ್ಸ್‌ನ ಕ್ವಾರ್ಟರ್‌ಬ್ಯಾಕ್. 2021ರ ಜನವರಿಯಲ್ಲಿ ತಂಡಕ್ಕೆ ಪ್ಲೇಆಫ್ ಎಂಬ ನಾಕೌಟ್ ಹಂತದ ಪಂದ್ಯವೊಂದನ್ನು ಗೆಲ್ಲಿಸಿಕೊಟ್ಟಿದ್ದ, 1994ರ ಹಂಗಾಮಿನ ನಂತರ ಮೊದಲನೆಯದು. ಮುಂದಿನ ಹಂಗಾಮು ಭುಜಕ್ಕೆ ಪೆಟ್ಟಾದರೂ ಆಡಿದ. ಸೋತ. ಅಯೋಗ್ಯನಾದ.

ಹ್ಯೂಸ್ಟನ್‌ನ ವಾಟ್ಸನ್ ಮೇಲೆ ಆಗ 20ಕ್ಕೂ ಹೆಚ್ಚು ಮಹಿಳೆಯರು ಸಿವಿಲ್ ದಾವೆ ಹೂಡಿದ್ದರು. ಮಸಾಜ್ ಮಾಡುವ ಹೊತ್ತಿನಲ್ಲಿ ಲೈಂಗಿಕ ದುರ್ವರ್ತನೆ ಎಂಬ ಆರೋಪ. ಅವನು ಅಲ್ಲಗಳೆದ. ಟೆಕ್ಸಸ್‌ನ ಒಂದು ಗ್ರ್ಯಾಂಡ್ ಜ್ಯೂರಿ ಕ್ರಿಮಿನಲ್ ಮೊಕದ್ದಮೆ ಬೇಡವೆಂದಿತು. ಒಂದು ವಾರ ಕಳೆಯಿತು. ಬ್ರೌನ್ಸ್ ಅವನನ್ನು ಕೊಂಡಿತು.

ಬೆಲೆ? ಮೂರು ವರ್ಷದ ಮೊದಲ ಸುತ್ತಿನ ಸರದಿಗಳು, ಮೇಲೆ ಚಿಲ್ಲರೆ ಸರದಿಗಳು ಬೇರೆ. ಐದು ವರ್ಷಕ್ಕೆ 23 ಕೋಟಿ ಡಾಲರ್, ಆಡಲಿ ಬಿಡಲಿ ಪೂರ್ತಿ ಖಾತ್ರಿ. ಅದುವರೆಗೆ ಲೀಗಿನಲ್ಲಿ ಯಾರಿಗೂ ಅಷ್ಟು ಖಾತ್ರಿ ಹಣ ಕೊಟ್ಟಿರಲಿಲ್ಲ. ಮೊದಲ ವರ್ಷದ ಮೂಲ ಸಂಬಳ ಮಾತ್ರ 10 ಲಕ್ಷ 35 ಸಾವಿರ ಡಾಲರ್. ಯಾಕಿಷ್ಟು ಕಡಿಮೆ? ಅಮಾನತಾದರೆ ಕತ್ತರಿ ಬೀಳುವುದು ಮೂಲ ಸಂಬಳಕ್ಕೆ. ಉಳಿದದ್ದು ಬೋನಸ್ಸಿನ ಲೆಕ್ಕದಲ್ಲಿ ಭದ್ರ. ಅಮಾನತು ಆಗೇ ಆಯಿತು. 11 ಪಂದ್ಯ, 50 ಲಕ್ಷ ಡಾಲರ್ ದಂಡ. ತಪ್ಪಾಗಿಲ್ಲ ಎಂದು ನಂಬಿದವರು ಶಿಕ್ಷೆಗೆ ಇಷ್ಟು ಚೆನ್ನಾಗಿ ತಯಾರಿ ಮಾಡಿಕೊಂಡದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಕೂಲಂಕಷವಾಗಿ ವಿಚಾರಿಸಿಯೇ ತಂದೆವು ಎಂದರು. ಯಾರನ್ನು ವಿಚಾರಿಸಿದಿರಿ? ದೂರು ಕೊಟ್ಟ ಮಹಿಳೆಯರನ್ನಲ್ಲ. ವಕೀಲರು ಬೇಡವೆಂದರಂತೆ. ಕೂಲಂಕಷ ಎಂದರೆ ಹೀಗೆ.

ನಡತೆ ಎಂಬ ಮಾತು ಈ ಚರ್ಚೆಯಲ್ಲಿ ಎಲ್ಲಿ ಬೇಕೋ ಅಲ್ಲಿ ಬರುತ್ತದೆ, ಎಲ್ಲಿ ಬೇಡವೋ ಅಲ್ಲಿ ಮಾಯವಾಗುತ್ತದೆ. ಮಂಡಿಯೂರಿದವನಿಗೆ ನಡತೆ ಸರಿಯಿಲ್ಲ. ವಾಟ್ಸನ್ ವಿಷಯಕ್ಕೆ ಬಂದಾಗ ಎಲ್ಲರಿಗೂ ಇನ್ನೊಂದು ಅವಕಾಶ ಕೊಡಬೇಕು. 2025ರಲ್ಲಿ ಶೆಡೂರ್ ಸ್ಯಾಂಡರ್ಸ್ ಎಂಬ ಹುಡುಗ ಸಂದರ್ಶನದಲ್ಲಿ ಸೊಕ್ಕಿನಿಂದ ಕೂತಿದ್ದನಂತೆ. ಹೇಳಿದವರು ಹೆಸರು ಹೇಳಲೊಲ್ಲದ ಕೋಚುಗಳು. ಸೊಕ್ಕು ಮಹಾಪರಾಧ. ಹುಡುಗ ಮೊದಲ ಸುತ್ತಿನಿಂದ ಐದನೇ ಸುತ್ತಿಗೆ ಜಾರಿದ.

ಹುಡುಗರ ನಡತೆ ಪರೀಕ್ಷಿಸುವ ಮಾಲೀಕರ ಮನೆಯ ಆಗಿನ ಕಂಪನಿಯ ಕಥೆಯನ್ನೂ ಹೇಳಿಬಿಡುತ್ತೇನೆ. ಪೈಲಟ್ ಫ್ಲೈಯಿಂಗ್ ಜೆ, ಲಾರಿಗಳಿಗೆ ಡೀಸೆಲ್ ಹಾಕುವ ದೊಡ್ಡ ಸರಪಳಿ. ಲಾರಿ ಕಂಪನಿಗಳಿಗೆ ಕೊಡಬೇಕಾದ ರಿಯಾಯಿತಿ ಹಣದಲ್ಲಿ ಮೋಸ ನಡೆದಿದೆ ಎಂದು 2013ರಲ್ಲಿ ಎಫ್‌ಬಿಐ ದಾಳಿ ಮಾಡಿತು. 2014ರಲ್ಲಿ ಕಂಪನಿ 9.2 ಕೋಟಿ ಡಾಲರ್ ದಂಡ ಒಪ್ಪಿಕೊಂಡಿತು. ಹಲವು ನೌಕರರು ತಪ್ಪೊಪ್ಪಿಕೊಂಡರು. ಹಾಸ್ಲಮ್ ತಮಗೇನೂ ಗೊತ್ತಿರಲಿಲ್ಲ ಎಂದರು. ಅವರ ಮೇಲೆ ಮೊಕದ್ದಮೆಯೂ ಆಗಲಿಲ್ಲ. ಸರಿ, ಒಪ್ಪೋಣ. ತಮ್ಮ ಕಂಪನಿಯಲ್ಲಿ ಏನು ನಡೆಯುತ್ತಿದೆ ಎಂದು ಗೊತ್ತಾಗದವರು ಇಪ್ಪತ್ತೆರಡರ ಹುಡುಗನ ಅಂತರಂಗವನ್ನು ಹದಿನೈದು ನಿಮಿಷದ ಸಂದರ್ಶನದಲ್ಲಿ ಓದಿಬಿಡುತ್ತಾರೆ.

ವಾಟ್ಸನ್ ಮೊದಲ ಮೂರು ವರ್ಷದಲ್ಲಿ ಆಡಿದ್ದು 19 ಪಂದ್ಯ. 2024ರಲ್ಲಿ ಹಿಮ್ಮಡಿಯ ನರ ಹರಿಯಿತು. 2025ರ ಜನವರಿಯಲ್ಲಿ ಅದೇ ನರ ಮತ್ತೆ ಹರಿಯಿತು. ಮಾರ್ಚಿನಲ್ಲಿ ಹಾಸ್ಲಮ್ ಆ ಖರೀದಿ ಕೈತಪ್ಪಿದ ಹೊಡೆತವಾಯಿತು ಎಂದು ಒಪ್ಪಿದರು. ಬೇರೆ ಯಾವ ನೌಕರಿಯಲ್ಲಾದರೂ 23 ಕೋಟಿ ಡಾಲರ್ ಕೈತಪ್ಪಿಸಿದವನು ಮಾರನೇ ದಿನ ಹೊಸ ನೌಕರಿ ಹುಡುಕುತ್ತಾನೆ. ಇವರು ಮಾರನೇ ದಿನ ಹೊಸ ಕ್ವಾರ್ಟರ್‌ಬ್ಯಾಕ್ ಹುಡುಕಿದರು.

ಅತ್ತ ಮೇಫೀಲ್ಡ್‌ನನ್ನು 2022ರಲ್ಲೇ ಒಂದು ಐದನೇ ಸುತ್ತಿನ ಸರದಿಗೆ, ಅದೂ ಷರತ್ತಿನ ಮೇಲೆ, ತಳ್ಳಿದ್ದರು. ಅವನು ಊರೂರು ಸುತ್ತಿ ಟ್ಯಾಂಪಾ ಸೇರಿ ವಿಭಾಗ ಗೆದ್ದ. ಜೆಟ್ಸ್ ತಂಡ ಬಿಸಾಡಿದ ಡಾರ್ನಲ್ಡ್ 2024ರಲ್ಲಿ ಮಿನೆಸೋಟಕ್ಕೆ 14 ಪಂದ್ಯ ಗೆದ್ದುಕೊಟ್ಟ. ಹುಡುಗರು ಕೆಟ್ಟವರಿರಲಿಲ್ಲ. ಬಾಡಿಗೆಗಿದ್ದ ಮನೆ ಸೋರುತ್ತಿತ್ತು.

2023ರಲ್ಲಿ ಒಂದು ಪವಾಡವೂ ಆಯಿತು. 38 ವರ್ಷದ ಜೋ ಫ್ಲಾಕೋ ಮನೆಯ ಸೋಫಾದಿಂದ ಎದ್ದು ಬಂದು ಐದರಲ್ಲಿ ನಾಲ್ಕು ಗೆಲ್ಲಿಸಿ ತಂಡವನ್ನು ಪ್ಲೇಆಫ್‌ಗೆ ಮುಟ್ಟಿಸಿದ. ಕ್ಲೀವ್‌ಲ್ಯಾಂಡ್ ಕುಣಿಯಿತು. ಮುಂದಿನ ವರ್ಷ ಅವನನ್ನು ಉಳಿಸಿಕೊಳ್ಳಲಿಲ್ಲ. 23 ಕೋಟಿಯವನಿಗೆ ಮುಜುಗರವಾಗಬಾರದಲ್ಲ! 2025ರಲ್ಲಿ ಅದೇ ಫ್ಲಾಕೋನನ್ನು, ನಲವತ್ತು ತುಂಬಿದ ಮೇಲೆ, ವಾಪಸ್ ಕರೆತಂದರು.

ಹೀಗೆ 2025ರ ಬೇಸಿಗೆಯಲ್ಲಿ ತಂಡದ ಲೆಕ್ಕದಲ್ಲಿ ಐವರು ಕ್ವಾರ್ಟರ್‌ಬ್ಯಾಕ್‌ಗಳು. ಮುದುಕ ಫ್ಲಾಕೋ. ಫಿಲಡೆಲ್ಫಿಯಾದಿಂದ ತಂದ ಕೆನಿ ಪಿಕೆಟ್. ಮೂರನೇ ಸುತ್ತಿನಲ್ಲಿ ಆರಿಸಿದ ಡಿಲನ್ ಗೇಬ್ರಿಯಲ್. ಅದೇ ಡ್ರಾಫ್ಟಿನ ಐದನೇ ಸುತ್ತಿನಲ್ಲಿ ಆರಿಸಿದ ಸ್ಯಾಂಡರ್ಸ್. ಕಾಲಿಗೆ ಕಟ್ಟು ಕಟ್ಟಿಕೊಂಡ ವಾಟ್ಸನ್. ಒಂದೇ ಡ್ರಾಫ್ಟಿನಲ್ಲಿ ಇಬ್ಬರನ್ನು ಯಾಕೆ ತಂದಿರಿ ಎಂದರೆ ಪೈಪೋಟಿ ಒಳ್ಳೆಯದು ಎಂಬ ಉತ್ತರ. ಐದು ಜನರಿದ್ದಾರೆ ಎಂದರೆ ಒಬ್ಬನೂ ಇಲ್ಲ ಎಂದರ್ಥ ಎಂದು ಹಳ್ಳಿಯ ಯಾವ ಮದುವೆ ಬ್ರೋಕರೂ ಹೇಳುತ್ತಿದ್ದ.

ಸ್ಯಾಂಡರ್ಸ್ ಜಾರಿದ್ದು ದೇಶದ ವಿಷಯವಾಯಿತು. ಅವನ ಅಪ್ಪ ಡೀಯಾನ್ ಸ್ಯಾಂಡರ್ಸ್ ಹೆಸರಾಂತ ಆಟಗಾರ. ಟಿವಿಯಲ್ಲಿ ಡ್ರಾಫ್ಟ್ ತಜ್ಞ ಮೆಲ್ ಕೈಪರ್ ಕೆಂಡಾಮಂಡಲವಾದರು. ಇನ್ನೊಂದು ತಂಡದ ಕೋಚ್ ಒಬ್ಬರ ಮಗ ಹುಡುಗನ ಗುಟ್ಟಿನ ನಂಬರು ನೋಡಿಟ್ಟುಕೊಂಡು, ನಿನ್ನನ್ನು ಆರಿಸುತ್ತೇವೆ ಎಂದು ಸುಳ್ಳು ಫೋನ್ ಮಾಡಿದ. ಅದಕ್ಕೆ ಆ ತಂಡಕ್ಕೂ ಕೋಚ್‌ಗೂ ಲಕ್ಷಗಟ್ಟಲೆ ಡಾಲರ್ ದಂಡ ಬಿತ್ತು. ದೇಶದ ಅಧ್ಯಕ್ಷ ಟ್ರಂಪ್ ಕೂಡ ಈ ಹುಡುಗನನ್ನು ಬಿಟ್ಟ ಮಾಲೀಕರು ದಡ್ಡರೇ ಎಂದು ಬರೆದರು. ಪ್ರಪಂಚದಲ್ಲಿ ಯುದ್ಧಗಳು ನಡೆಯುತ್ತಿದ್ದ ಕಾಲ. ಇರಲಿ, ಅಧ್ಯಕ್ಷರಿಗೂ ಬಿಡುವು ಬೇಕು.

ಆಮೇಲೆ? ಪಿಕೆಟ್ ಆಗಸ್ಟಿನಲ್ಲಿ ಮಾರಾಟ. ಫ್ಲಾಕೋ ಅಕ್ಟೋಬರಿನಲ್ಲಿ ಮಾರಾಟ, ಅದೂ ಇದೇ ರಾಜ್ಯದ, ಇದೇ ವಿಭಾಗದ ಸಿನ್ಸಿನಾಟಿಗೆ. ಗೇಬ್ರಿಯಲ್ 41ನೆಯವನಾದ. ಅವನ ತಲೆಗೆ ಪೆಟ್ಟಾಯಿತು. ಸ್ಯಾಂಡರ್ಸ್ 42ನೆಯವನಾದ. ಪಂದ್ಯ ಶುರು ಮಾಡಿದ ಮೊದಲ ಸಲವೇ ಲಾಸ್ ವೇಗಸ್‌ನಲ್ಲಿ ಗೆದ್ದ. ಅವತ್ತು ರಾತ್ರಿ ರೇಡಿಯೋದಲ್ಲಿ ಉದ್ಧಾರಕ ಬಂದ ಎಂದು ಘೋಷಣೆಯಾಯಿತು. ಮುಂದಿನ ಭಾನುವಾರ ಸೋತ. ಮುಂದಿನ ಡ್ರಾಫ್ಟಿನಲ್ಲಿ ಯಾರಿದ್ದಾರೆ ಎಂಬ ಚರ್ಚೆ ಶುರುವಾಯಿತು.

ಈಗ ಗ್ರೀನ್ ಬೇ ಕಡೆ ಒಮ್ಮೆ ನೋಡಿ. ವಿಸ್ಕಾನ್ಸಿನ್‌ನ ಸಣ್ಣ ಊರು. 1992ರಿಂದ ಬ್ರೆಟ್ ಫಾವ್ರ್. 2008ರಿಂದ ಏರನ್ ರಾಜರ್ಸ್. 2023ರಿಂದ ಜಾರ್ಡನ್ ಲವ್. ಗಾಯಕ್ಕೋ ಕಾಯಿಲೆಗೋ ಬಂದುಹೋದವರನ್ನು ಬಿಟ್ಟರೆ ಮೂರು ದಶಕಕ್ಕೆ ಮೂರು ಹೆಸರು. ಅಲ್ಲೂ ಜಗಳವಾಗಿದೆ, ಫಾವ್ರ್ ಹೋದಾಗ ಊರು ಎರಡಾಗಿತ್ತು. ಆದರೆ ಅಲ್ಲಿ ಒಂದು ಕೊರತೆಯಿದೆ. ಮಾಲೀಕನೇ ಇಲ್ಲ. ಐದು ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ, ಲಾಭಾಂಶ ಯಾರಿಗೂ ಇಲ್ಲ. ಊಟಕ್ಕೆ ಹೋದಾಗ ಬೀದಿಯಲ್ಲಿ ಕೇಳಿಬಂದು ಆರಿಸುವ ಸಾಹುಕಾರ ಇಲ್ಲ. ಇಷ್ಟು ಚೆನ್ನಾಗಿ ನಡೆಯುತ್ತಿದೆಯಲ್ಲ, ಬೇರೆಯವರೂ ಹಾಗೆ ಮಾಡಬಹುದಲ್ಲ ಎಂದರೆ, ಮಾಡುವಂತಿಲ್ಲ. ಲೀಗಿನ ನಿಯಮವೇ ಅಡ್ಡ. ನಿಯಮ ಬರೆದವರು ಯಾರು? ಮಾಲೀಕರು.

ಸೋತರೆ ಮಾಲೀಕನಿಗೆ ನಷ್ಟವಾಗಬೇಕಲ್ಲ ಎಂದು ನೀವು ಕೇಳಬಹುದು. ಅಲ್ಲೇ ಇರುವುದು ಗುಟ್ಟು. ಲೀಗಿನ ಟಿವಿ ಒಪ್ಪಂದ 2021ರಲ್ಲಿ 10,000 ಕೋಟಿ ಡಾಲರ್ ದಾಟಿತು. ಆ ಹಣ 32 ತಂಡಗಳಿಗೂ ಸಮಪಾಲು. ಗೆದ್ದವನಿಗೂ ಅಷ್ಟೇ, ಸೊನ್ನೆಗೆ 16 ಸೋತವನಿಗೂ ಅಷ್ಟೇ. ಕೆಳಗಿನ ದರ್ಜೆಗೆ ಇಳಿಸುವ ಪದ್ಧತಿ ಇಲ್ಲ. ಬಂಡವಾಳಶಾಹಿಯ ತವರಿನಲ್ಲಿ ಕೋಟ್ಯಧಿಪತಿಗಳು ತಮಗೆ ತಾವೇ ಸಮಾಜವಾದ ಮಾಡಿಕೊಂಡಿದ್ದಾರೆ. 100 ಕೋಟಿಗೆ ಕೊಂಡ ಬ್ರೌನ್ಸ್ ಬೆಲೆ ಈಗ ಐದು ಪಟ್ಟು ದಾಟಿದೆ. ಬಹುಪಾಲು ವರ್ಷ ಸೋಲುತ್ತಲೇ ದಾಟಿದೆ. ಇನ್ನು ಕ್ವಾರ್ಟರ್‌ಬ್ಯಾಕ್ ಯಾರಾದರೇನು?

ಹಾಗಾಗಿ ಈ ಚರ್ಚೆ ಎಷ್ಟು ಜೋರಾಗಿ ನಡೆದರೂ ಹಾಸ್ಲಮ್ ಕುಟುಂಬಕ್ಕೆ ಸಂತೋಷವೇ. ಜನ ಗೇಬ್ರಿಯಲ್ಲೋ ಸ್ಯಾಂಡರ್ಸೋ ಎಂದು ಕಿತ್ತಾಡುತ್ತಿದ್ದ 2025ರ ಬೇಸಿಗೆಯಲ್ಲೇ ಓಹಿಯೋ ಸರ್ಕಾರದ ಬಜೆಟ್ ಬಂತು. ಊರಾಚೆ ಬ್ರೂಕ್ ಪಾರ್ಕ್‌ನಲ್ಲಿ ಬ್ರೌನ್ಸ್‌ಗೆ 240 ಕೋಟಿ ಡಾಲರಿನ ಗುಮ್ಮಟದ ಸ್ಟೇಡಿಯಂ. ಅದಕ್ಕೆ ರಾಜ್ಯದಿಂದ 60 ಕೋಟಿ ಡಾಲರ್. ಕ್ಲೀವ್‌ಲ್ಯಾಂಡ್ ಅಮೆರಿಕದ ದೊಡ್ಡ ನಗರಗಳಲ್ಲಿ ಕಡುಬಡ ನಗರಗಳ ಸಾಲಿನಲ್ಲಿದೆ. ಅಲ್ಲಿ ಸರೋವರದ ದಡದಲ್ಲಿ ನಗರಸಭೆಯ ಸ್ಟೇಡಿಯಂ ಇದೆ. ಸೋಲಲು ಅದು ಸಾಲದಂತೆ. ಮಳೆ ತಾಗದೆ ಸೋಲಬೇಕಂತೆ.

ಆ 60 ಕೋಟಿ ಎಲ್ಲಿಂದ? ಹೊಸ ತೆರಿಗೆಯಲ್ಲ ಎಂದು ಶಾಸಕರು ಎದೆ ತಟ್ಟಿಕೊಂಡರು. ವಾರಸುದಾರರು ಕೇಳದ ಹಣವಂತೆ. ಮರೆತ ಬ್ಯಾಂಕ್ ಖಾತೆ, ನಗದು ಮಾಡಿಸದ ಚೆಕ್ಕು, ಕರೆಂಟ್ ಕಂಪನಿ ಹಿಂದಿರುಗಿಸದ ಠೇವಣಿ, ಸತ್ತ ಅಜ್ಜಿಯ ಹೆಸರಿನಲ್ಲಿ ಉಳಿದ ವಿಮೆ. ರಾಜ್ಯ ಅದನ್ನು ಜನರ ಪರವಾಗಿ ಕಾಯ್ದಿಟ್ಟಿತ್ತು. ಕಾಯುತ್ತಿದ್ದವರೇ ಎತ್ತಿ ಮಾಲೀಕರ ಕೈಗಿಡಲು ಕಾನೂನು ಮಾಡಿದರು. ಇದರ ವಿರುದ್ಧ ಕೆಲವರು ಕೋರ್ಟಿಗೆ ಹೋದರು. ರೇಡಿಯೋಗೆ ಫೋನ್ ಮಾಡಿದವರು ಕಡಿಮೆ.

ಓಹಿಯೋದಲ್ಲಿ ಓದಿ, ಕೆಲಸ ಮಾಡಿ, ಡಲ್ಲಾಸ್‌ಗೋ ಬೆಂಗಳೂರಿಗೋ ಹೋದ ಕನ್ನಡಿಗರು ಬಹಳ ಜನ ಇದ್ದೀರಿ. ಕೊಲಂಬಸ್‌ನಲ್ಲಿ ಓದುವಾಗ ತೆರೆದು ಬಿಟ್ಟ ಖಾತೆ, ಹಳೇ ಅಪಾರ್ಟ್‌ಮೆಂಟಿನ ಅಡ್ವಾನ್ಸು, ಕೊನೇ ತಿಂಗಳ ಸಂಬಳದ ಚೆಕ್ಕು ಏನಾದರೂ ಬಾಕಿಯಿದೆಯಾ ನೋಡಿ. ರಾಜ್ಯದ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು, ಪುಕ್ಕಟೆ. ಇದ್ದರೆ ಇವತ್ತೇ ಅರ್ಜಿ ಹಾಕಿ. ತಡಮಾಡಿದರೆ 43ನೆಯವನ ಡ್ರೆಸ್ಸಿಂಗ್ ರೂಮಿನ ನಲ್ಲಿಯಾಗಿ ಹೋಗುತ್ತದೆ ನಿಮ್ಮ ದುಡ್ಡು.